ಇಬ್ಬರಿಗೆ ಟಿಕೆಟ್

ಪಾರ್ಕಿನ ಗೇಟಿನಲ್ಲಿ ಅವರು ಗರಿಗರಿ ಇಪ್ಪತ್ತರ ನೋಟು ಹಿಡಿದುಕೊಂಡು ನಿಂತಿದ್ದರು. ಕಾವಲಿನವನು ನೋಟಿನ ಕಡೆ ತಿರುಗಿಯೂ ನೋಡದೆ ಬೋರ್ಡು ತೋರಿಸುತ್ತಿದ್ದ. ನಗದು ತೆಗೆದುಕೊಳ್ಳುವುದಿಲ್ಲ, ಸ್ಕ್ಯಾನ್ ಮಾತ್ರ.

"ದಿನಾ ಗಲ್ಲೆಯಲ್ಲಿ ಕೂತು ಎಲ್ಲರ ದುಡ್ಡು ತಕೊಳ್ಳುವವ ನಾನು. ನನ್ನ ದುಡ್ಡು ಇಲ್ಲಿ ನಡೆಯುದಿಲ್ವಂತೆ," ಎಂದು ಕನ್ನಡದಲ್ಲಿ ಗೊಣಗಿದರು. ಚೆನ್ನೈಯಲ್ಲಿ ಕನ್ನಡ ಕಿವಿಗೆ ಬಿದ್ದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ನಿಮ್ಮದೂ ನಾನೇ ಸ್ಕ್ಯಾನ್ ಮಾಡುತ್ತೇನೆ ಬಿಡಿ ಎಂದೆ.

ಹೆಸರು ಸದಾನಂದ. ಕುಂದಾಪುರದ ಕಡೆಯವರು, ತ್ರಿಪ್ಲಿಕೇನಿನ ಹೋಟೆಲೊಂದರಲ್ಲಿ ಮೂವತ್ತು ವರ್ಷದಿಂದ ಕ್ಯಾಷಿಯರ್. ಮದುವೆ ಆಗಿಲ್ಲ, ಕೈಯಲ್ಲಿರುವುದು ಬಟನ್ ಫೋನು, ರಜೆ ಗುರುವಾರ. ನನ್ನ ಬೆರಳು ತಡವರಿಸುವುದನ್ನು ನೋಡುತ್ತಿದ್ದವರು, ನಾನು ತಲೆಯೆತ್ತಿದ ಕೂಡಲೇ ಬೇವಿನ ಮರ ನೋಡತೊಡಗಿದರು. ಐವತ್ತೆರಡು ವರ್ಷದ ಹೆಂಗಸಿಗೆ ಅಷ್ಟಕ್ಕೆ ಕೆನ್ನೆ ಬಿಸಿಯಾಗಬಾರದು. ಆಯಿತು.

ಆಮೇಲೆ ಪ್ರತಿ ಗುರುವಾರ ಇಬ್ಬರಿಗೂ ಟಿಕೆಟ್ ನಾನೇ ತೆಗೆದೆ. ದುಡ್ಡು ಕೊಟ್ಟರೆ ಬೇಡವೆನ್ನುತ್ತೇನೆಂದು ಅವರು ಬಾಳೆ ಎಲೆಯಲ್ಲಿ ಬನ್ಸ್ ಕಟ್ಟಿ ತರುತ್ತಿದ್ದರು. ಶುಗರ್‌ಗೆ ವಾಕಿಂಗ್ ಒಳ್ಳೆಯದೆಂದು ಮಗಳಿಗೆ ಹೇಳಿ ಬಂದವಳು ಕಲ್ಲುಬೆಂಚಿನ ಮೇಲೆ ಕೂತು ಅದನ್ನು ತಿನ್ನುತ್ತಿದ್ದೆ.

ಸುಳ್ಳು ಅದೊಂದೇ ಆಗಿದ್ದರೆ ಪರವಾಗಿರಲಿಲ್ಲ. ಫೋನು ತೆರೆದರೆ ಮೊದಲು ಬರುವುದು ನಮ್ಮ ಯಜಮಾನರು ವಿಶ್ವನಾಥರ ಫೋಟೋ. ಅವರು ಹೋಗಿ ನಾಲ್ಕು ವರ್ಷ. ಇಬ್ಬರಿಗೆ ಎಂದು ಒತ್ತುವ ಮೊದಲು ಪ್ರತಿ ಸಲ ಅವರ ಮುಖ ನೋಡಲೇಬೇಕು. ಕದ್ದು ತಿನ್ನುವಾಗ ಸಿಕ್ಕಿಬಿದ್ದವಳ ಹಾಗೆ ಕಣ್ಣು ತಪ್ಪಿಸುತ್ತಿದ್ದೆ. ಫೋಟೋ ಬದಲಾಯಿಸಬಹುದಿತ್ತು, ಅದು ಇನ್ನೂ ದೊಡ್ಡ ತಪ್ಪು ಅನಿಸಿತು.

ಹೀಗೇ ಆರು ತಿಂಗಳು. ಒಂದು ಗುರುವಾರ ಸದಾನಂದ ಪೊಟ್ಟಣ ಬಿಚ್ಚಲಿಲ್ಲ.

"ವಿನೋದಮ್ಮ, ನಿಮ್ಮನ್ನು ಕಂಡ್ರೆ ನನಗೆ ತುಂಬಾ ಇಷ್ಟ ಉಂಟು. ಈ ವಯಸ್ಸಲ್ಲಿ ಹೇಳ್ಲಿಕ್ಕೆ ನಾಚಿಕೆ. ಹೇಳದೆ ಇದ್ರೆ ಬುಧವಾರ ನಿದ್ದೆ ಬರುದಿಲ್ಲ."

ನನಗೂ ಬರುತ್ತಿರಲಿಲ್ಲ. ಅದನ್ನು ನುಂಗಿಕೊಂಡು, ಮಗಳಿದ್ದಾಳೆ, ಇನ್ನು ಬರಬೇಡಿ ಎಂದುಬಿಟ್ಟೆ. ಅವರು ತಲೆಯಾಡಿಸಿ, ಪೊಟ್ಟಣವನ್ನು ನನ್ನ ಕೈಯಲ್ಲಿಟ್ಟು ಹೊರಟರು. ಯಾಕೆ ಎಂದು ಕೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಮುಂದಿನ ಗುರುವಾರ ಒಂದೇ ಟಿಕೆಟ್ ತೆಗೆದೆ. ಅರ್ಧ ಸುತ್ತಿಗೇ ಮನೆಗೆ ತಿರುಗಿದೆ. ಹೋದವರಿಗೂ ಇರುವವರಿಗೂ ಒಟ್ಟಿಗೇ ದ್ರೋಹ ಮಾಡಿದ್ದೆ.

ಸಂಜೆ ಬ್ಯಾಂಕಿನಿಂದ ಕೋಡಂಬಾಕ್ಕಂ ಮನೆಗೆ ಬಂದ ಮಗಳು ಶ್ರೀಯಾ ಚಪ್ಪಲಿ ಬಿಡುತ್ತಲೇ ಕೇಳಿದಳು.

"ಎನ್ನ ಆಚ್ಚುಮ್ಮಾ, ಏನಾಯ್ತು? ಇವತ್ತು ಒಂದೇ ಟಿಕೆಟ್?"

ಸೌಟು ನನ್ನ ಕೈಯಲ್ಲೇ ನಿಂತಿತು. ಟಿಕೆಟ್ಟಿನ ಪುಟವನ್ನು ಫೋನಿನಲ್ಲಿ ಹಾಕಿಕೊಟ್ಟವಳು ಅವಳೇ. ಇಮೇಲ್ ಕೇಳಿದ ಕಡೆ, ಅಮ್ಮನಿಗೆಲ್ಲಿಯ ಇಮೇಲ್ ಎಂದು ತನ್ನದನ್ನೇ ತುಂಬಿದ್ದಳು. ಆರು ತಿಂಗಳಿಂದ ನಮ್ಮಿಬ್ಬರ ಟಿಕೆಟ್ ನೇರ ಅವಳಿಗೂ ಹೋಗುತ್ತಿತ್ತು.

ನಿಮ್ಮಪ್ಪನಿಗೆ ಎಂದು ಶುರುಮಾಡಿದೆ, ಅಳು ಬಂತು. ಅವಳು ಗ್ಯಾಸ್ ಆರಿಸಿದಳು.

"ಅಪ್ಪ ಹೋದ್ಮೇಲೆ ನೀನು ಹಾಡೋದೇ ಬಿಟ್ಟಿದ್ದೆ. ಈಗ ಗುರುವಾರ ಗುರುವಾರ ಹಾಡ್ತಿದ್ದೆ. ಅಮ್ಮನೇ ಸೊಲ್ಲಟ್ಟುಂ, ತಾನಾಗೇ ಹೇಳ್ಲಿ ಅಂತ ವೇಟ್ ಮಾಡ್ದೆ, ಅಷ್ಟೇ."

ಕಣ್ಣೊರೆಸಿಕೊಂಡೆ. ಮರುದಿನ ಬೆಳಿಗ್ಗೆಯೇ ಸದಾನಂದರ ಹೋಟೆಲಿಗೆ ಫೋನು ಹಚ್ಚಿದೆ. ಎತ್ತಿದ್ದು ಅವರೇ.

"ಬುಧವಾರ ನನಗೂ ನಿದ್ದೆ ಬರಲ್ಲ," ಎಂದೆ. ತಟ್ಟೆಗಳ ಸದ್ದಿನ ನಡುವೆ, ಗುರುವಾರ ಬನ್ಸ್ ತರ್ತೇನೆ ಎಂದರು.

ಗುರುವಾರ ಗೇಟಿನಲ್ಲಿ ನಿಂತಿದ್ದ ಸದಾನಂದ, ನನ್ನ ಹಿಂದೆ ಶ್ರೀಯಾಳನ್ನು ಕಂಡು ಪೊಟ್ಟಣವನ್ನು ಬೆನ್ನ ಹಿಂದೆ ಅಡಗಿಸಿದರು. ಫೋನು ತೆರೆದೆ. ವಿಶ್ವನಾಥರ ಮುಖ ಬಂತು. ಅಳುಕು ಹೋಗಿರಲಿಲ್ಲ, ಪೂರ್ತಿ ಹೋಗುವುದೂ ಇಲ್ಲವೇನೋ. ಆದರೆ ಈ ಸಲ ಕಣ್ಣು ತಪ್ಪಿಸಲಿಲ್ಲ.

ಎಷ್ಟು ಜನ ಎಂದು ಪುಟ ಕೇಳಿತು. ಮೂರು ಎಂದು ಒತ್ತಿದೆ.