ಗಮನಕ್ಕೆ ಬಂದಿದೆ

ಬುಧವಾರ ಬೆಳಗ್ಗೆ 10.40ಕ್ಕೆ ಶಿಕ್ಷಣ ಇಲಾಖೆಯ ಅಧೀನ ಕಾರ್ಯದರ್ಶಿ ಠಾಣೆಗೆ ಬಂದು ಒಂದು ದೂರು ಕೊಟ್ಟರು. ಇನ್ಸ್‌ಪೆಕ್ಟರ್ ಅದನ್ನು ಎರಡು ಸಲ ಓದಿದರು. ಸಾರಾಂಶ ಇಷ್ಟೇ: ಹಿಂದಿನ ದಿನ ಸದನದಲ್ಲಿ ಶಿಕ್ಷಣ ಸಚಿವರು ನಿಜ ಹೇಳಿಬಿಟ್ಟಿದ್ದಾರೆ. ಅಕ್ಷರಶಃ ಹಾಗೆ ಬರೆದಿರಲಿಲ್ಲ, ಅರ್ಥ ಮಾತ್ರ ಅದೇ.

ಸದಸ್ಯರೊಬ್ಬರು ಪ್ರಶ್ನೆ ಕೇಳಿದ್ದರು. (ಅ) ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಮೂರು ವರ್ಷಗಳಿಂದ ಗಣಿತ ಶಿಕ್ಷಕರಿಲ್ಲದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? (ಆ) ಬಂದಿದ್ದಲ್ಲಿ, ಯಾವಾಗ ನೇಮಿಸಲಾಗುವುದು? ಇಲಾಖೆ ಸಿದ್ಧಪಡಿಸಿದ್ದ ಉತ್ತರ: (ಅ) ಬಂದಿಲ್ಲ. (ಆ) ಉದ್ಭವಿಸುವುದಿಲ್ಲ. ಸಚಿವರು ಎದ್ದು ನಿಂತು ಓದಿದ್ದು: "ಬಂದಿದೆ. ಹದಿನೈದು ದಿನದೊಳಗೆ." ಇಂಥ ಉತ್ತರ ಕೇಳಿ ಅಭ್ಯಾಸವಿಲ್ಲದ ವಿರೋಧ ಪಕ್ಷದವರು ಒಂದು ಗಳಿಗೆ ಕಕ್ಕಾಬಿಕ್ಕಿಯಾಗಿ, ಆಮೇಲೆ ಮೇಜು ಕುಟ್ಟಿದ್ದರು. ಯಾಕೆಂದು ತಿಳಿಯದಿದ್ದರೂ ಸಚಿವರು ಕೈಮುಗಿದಿದ್ದರು.

"ಶಾಲೇಲಿ ಗಣಿತಕ್ಕೆ ಮೇಷ್ಟ್ರು ಇದ್ದಾರಾ?" ಇನ್ಸ್‌ಪೆಕ್ಟರ್ ಕೇಳಿದರು.

"ಇಲ್ಲ."

"ಮತ್ತೆ ಓದಿದ್ದು ಸರಿಯಾಗೇ ಇದೆಯಲ್ಲ?"

"ಸರಿ ಇರೋದು ಬೇರೆ ಸಾರ್, ಅನುಮೋದನೆ ಆಗಿರೋದು ಬೇರೆ."

ಯಾರೋ ಹಾಳೆ ಬದಲಿಸಿದ್ದಾರೆ, ಇದು ಫೋರ್ಜರಿ ಎಂಬುದು ಇಲಾಖೆಯ ವಾದ. 11.15ಕ್ಕೆ ಎಫ್‌ಐಆರ್ ದಾಖಲಾಯಿತು. ಕಳುವಾದ ಮಾಲಿನ ಜಾಗದಲ್ಲಿ ಏನು ಬರೆಯಲಿ ಎಂದು ದಫೇದಾರ ಕೇಳಿದ. ಅವನೇ ಯೋಚಿಸಿ, ಒಂದು 'ಇಲ್ಲ' ಅಂತ ಬರೆಯಲೇ ಎಂದ. ಇನ್ಸ್‌ಪೆಕ್ಟರ್ ಅವನ ಕಡೆ ನೋಡಲಿಲ್ಲ. ನೋಡಿದ್ದರೆ ನಗು ಬಂದುಬಿಡುತ್ತಿತ್ತು.

ಮಧ್ಯಾಹ್ನ ಇಲಾಖೆಯಲ್ಲಿ ಪಂಚನಾಮೆ ನಡೆಯಿತು. ಉತ್ತರ ಹಾದುಹೋದ ಪ್ರತಿ ಮೇಜಿನಲ್ಲೂ ಸಿಕ್ಕ ಪ್ರತಿ 'ಬಂದಿಲ್ಲ' ಎಂದೇ ಹೇಳುತ್ತಿತ್ತು. ಕೆಳಗೆ ಸಾಲಾಗಿ ಸಹಿಗಳು. ಆ ಶಾಲೆ ಎಲ್ಲಿದೆ ಎಂದು ದಫೇದಾರ ವಿಚಾರಿಸಿದಾಗ ಗುಮಾಸ್ತರೊಬ್ಬರು ಕುಳಿತಲ್ಲಿಂದಲೇ ಕಿಟಕಿಯತ್ತ ಕೈ ಮಾಡಿದರು. ರಸ್ತೆಯಾಚೆ ಹುಡುಗಿಯರು ಪೈಪಿನಿಂದ ಗಿಡಗಳಿಗೆ ನೀರು ಬಿಡುತ್ತಿದ್ದರು.

ಸಂಜೆ ಠಾಣೆಯಲ್ಲಿ ಸದನದ ವಿಡಿಯೊ ನೋಡಿದರು. ಸಚಿವರು ಹಾಳೆಯನ್ನು ಸೊಂಟದ ಎತ್ತರಕ್ಕೆ ಹಿಡಿದು, ಎಲ್ಲೂ ತಡವರಿಸದೆ ಓದಿದ್ದರು. ಇನ್ಸ್‌ಪೆಕ್ಟರಿಗೂ ಸಚಿವರಷ್ಟೇ ವಯಸ್ಸು. ಸಚಿವರಂತೆ ಕನ್ನಡಕವಿಲ್ಲದೆ, ಇಲಾಖೆಯ ಪ್ರತಿಯನ್ನು ಅಷ್ಟೇ ಎತ್ತರಕ್ಕೆ ಹಿಡಿದು ನೋಡಿದರು. ಇರುವೆ ಸಾಲು ಬಿಟ್ಟರೆ ಏನೂ ಕಾಣಲಿಲ್ಲ.

ಗುರುವಾರ 9 ಗಂಟೆಗೆ ಸಚಿವರ ಮನೆಯಲ್ಲೇ ಅವರ ಆಪ್ತ ಸಹಾಯಕನ ವಿಚಾರಣೆ.

"ದಪ್ಪಕ್ಷರದಲ್ಲಿ ಬರೆದುಕೊಡೋರು ಯಾರು?"

ಸಹಾಯಕ ಎದ್ದು ಬಾಗಿಲು ಹಾಕಿ ಬಂದ. ಕ್ಯಾಮೆರಾ ಮುಂದೆ ಕನ್ನಡಕ ಹಾಕಿದರೆ ಮುದುಕನಂತೆ ಕಾಣುತ್ತೇನೆ ಎಂಬುದು ಸಾಹೇಬರ ಅಳುಕು. ಹಾಗಾಗಿ ಉತ್ತರಗಳೆಲ್ಲ ಹಿಂದಿನ ರಾತ್ರಿ ಮನೆಯಲ್ಲಿ ದಪ್ಪಕ್ಷರಕ್ಕೆ ಇಳಿಯುತ್ತವೆ ಎಂದು ಪಿಸುಗುಟ್ಟಿದ.

"ಮನೇಲಿ ಯಾರು?"

"ಅಕ್ಕಾವ್ರು."

ಸಚಿವರ ಅಕ್ಕ ಹಿಂಬದಿಯ ಕೋಣೆಯಲ್ಲಿದ್ದರು. ಇನ್ಸ್‌ಪೆಕ್ಟರ್ ಮಾತು ಹುಡುಕುವ ಮೊದಲೇ, ಬರೆದದ್ದು ನಾನೇ, ನಿನ್ನೆಯೇ ಬರುತ್ತೀರೆಂದುಕೊಂಡಿದ್ದೆ, ತಡ ಮಾಡಿದಿರಿ ಎಂದರು. ಕೂರಲು ಹೇಳಿದರು. ಅವರ ದನಿಗೆ ದಫೇದಾರ ಕೈಕಟ್ಟಿ ಕೂತ.

ಆ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು ಅವರೇ. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಆಟದ ಮೇಷ್ಟ್ರು ಗೈಡು ಹಿಡಿದು ಲೆಕ್ಕವನ್ನು ಪದ್ಯದಂತೆ ಓದಿ ಹೇಳುತ್ತಾರೆ. ಹೋದ ವರ್ಷ ಅರ್ಧಕ್ಕಿಂತ ಹೆಚ್ಚು ಹುಡುಗಿಯರು ಗಣಿತದಲ್ಲಿ ಫೇಲು. ಫಲಿತಾಂಶ ಕುಸಿದ ಶಾಲೆಗೆ ಅನುದಾನ ಕಡಿತ, ಮರುವರ್ಷವೂ ಕುಸಿದರೆ ಬೀಗ. ಇದು ಹೊಸ ನೀತಿ. ಕೈಕಾಲು ಕಟ್ಟಿ ಕೆರೆಗೆ ನೂಕಿ, ಈಜಲಿಲ್ಲವೆಂದು ದಂಡ ಹಾಕುವ ನೀತಿ.

"ಊಟಕ್ಕೆ ಕೂತಾಗಲೆಲ್ಲ ಕೇಳ್ದೆ. ಪರಿಶೀಲನೆಯಲ್ಲಿದೆ ಅಂತಾನೆ. ಬಚ್ಚಲುಮನೆ ನಲ್ಲಿ ಸೋರ್ತಿದೆ ಕಣೋ ಅಂದ್ರೂ ಪರಿಶೀಲನೆಯಲ್ಲಿದೆ ಅಂತಾನೆ."

ದಫೇದಾರನಿಗೆ ಕೆಮ್ಮು ಬಂತು.

"ಆವತ್ತು ನನ್ನ ಕೈಯಲ್ಲೇ 'ಗಮನಕ್ಕೆ ಬಂದಿಲ್ಲ' ಅಂತ ಬರೆಸೋಕೆ ಹೊರಟ. ಮೂರು ವರ್ಷ ಅವನ ತಟ್ಟೆ ಎದುರು ಕೂತು ಹೇಳಿದವಳು ನಾನು. ಬಂದಿಲ್ಲ ಅಂದ್ರೆ ನಾನೇನು ಗೋಡೇನಾ?"

ಅಷ್ಟರಲ್ಲಿ ಸಚಿವರ ಫೋನು: ದೂರು ವಾಪಸು, ಮನೆಯ ವಿಷಯ. ಹಾಗಾದರೆ ಯಾವ ಉತ್ತರ ಸುಳ್ಳು ಎಂದು ಇಲಾಖೆ ಬರೆದುಕೊಡಲಿ ಎಂದರು ಇನ್ಸ್‌ಪೆಕ್ಟರ್. ಮಧ್ಯಾಹ್ನ ಠಾಣೆಗೆ ಬಂದ ಅಧೀನ ಕಾರ್ಯದರ್ಶಿ ಪೆನ್ನು ತೆಗೆದು, ಮುಚ್ಚಳ ಹಾಕಿ, ಮತ್ತೆ ತೆಗೆದರು. ಓದಿದ್ದು ಸುಳ್ಳೆಂದರೆ ಸಚಿವರು ಸದನಕ್ಕೆ ಸುಳ್ಳು ಹೇಳಿದಂತೆ. ನಿಜವೆಂದರೆ ಶಿಕ್ಷಕರನ್ನು ಕೊಡಬೇಕು. ಅತ್ತ ದರಿ, ಇತ್ತ ಪುಲಿ. ಏನೂ ಬರೆದುಕೊಡದ್ದರಿಂದ ದೂರು ಹಾಗೇ ಉಳಿಯಿತು. ಶನಿವಾರ ಸಂಜೆ ನೇಮಕದ ಆದೇಶ ಹೊರಬಿತ್ತು.

ಇನ್ನು ಬಂಧನ ಯಾಕೆ ಎಂದು ಇನ್ಸ್‌ಪೆಕ್ಟರ್ ಹಿಂದೇಟು ಹಾಕಿದರು. ಅಕ್ಕ ಒಪ್ಪಲಿಲ್ಲ. "ಬಿಟ್ರೆ ಎಲ್ಲಾ ತೆಪ್ಪಗಾಗತ್ತೆ, ಆದೇಶಾನೂ ಮೆಲ್ಲಗೆ ರದ್ದಾಗತ್ತೆ. ಕೇಸು ನಡೀಲಿ. ನಡೆದಷ್ಟು ದಿನ ಆ ಉತ್ತರಕ್ಕೆ ಜೀವ ಇರತ್ತೆ."

ಸೋಮವಾರ 11.20ಕ್ಕೆ, ಮಹಿಳಾ ಪೇದೆಯ ಸಮಕ್ಷಮದಲ್ಲಿ, ಆರೋಪಿಯನ್ನು ಬಂಧಿಸಲಾಯಿತು. ಜಾಮೀನು ಠಾಣೆಯಲ್ಲೇ ಸಿಗುವಂಥದು. ಬಂಧನದ ವಿಷಯ ಯಾರಿಗೆ ತಿಳಿಸಬೇಕೆಂದು ನಿಯಮದಂತೆ ಕೇಳಿದರು.

"ತಮ್ಮನಿಗೆ. ಅವನ ಗಮನಕ್ಕೆ ಬರಲಿ."

ಇನ್ಸ್‌ಪೆಕ್ಟರೇ ಫೋನು ಮಾಡಿದರು. ಸಚಿವರು, ಅಕ್ಕ ತುಂಬ ಬೈದಳಾ ಎಂದು ಕೇಳಿದರು. ಶಿಕ್ಷಕಿ ಬೆಳಗ್ಗೆಯೇ ಶಾಲೆ ಸೇರಿದ್ದಾರೆಂದು ಹೇಳಿಬಿಡಿ ಎಂದರು. ಯಾವ ಪಾಠದಿಂದ ಶುರು ಮಾಡಿದರಂತೆ ಎಂದು ಅಕ್ಕ ಕೇಳಿಸಿದರು. ಸಚಿವರಿಗೆ ಗೊತ್ತಿರಲಿಲ್ಲ. ಕಾಲು ಗಂಟೆಯಲ್ಲಿ ಅವರದೇ ಫೋನು ಬಂತು. ದನಿಯ ಹಿಂದೆ ಹುಡುಗಿಯರ ಗಲಾಟೆ. ಹತ್ತನೇ ತರಗತಿಗೆ ಭಿನ್ನರಾಶಿಯಿಂದ ಶುರು ಮಾಡಿದ್ದಾರೆ, ಅದು ಐದನೇ ತರಗತಿಯ ಪಾಠವಲ್ಲವೇ ಎಂದು ಅವರಿಗೆ ಅನುಮಾನ.

"ಸರಿಯಾಗೇ ಇದೆ," ಎಂದರು ಅಕ್ಕ, ಜಾಮೀನಿನ ಕಾಗದಕ್ಕೆ ಸಹಿ ಹಾಕುತ್ತ. "ಅಲ್ಲಿಂದ ಶುರು ಮಾಡಿದ್ರೆ ಪರೀಕ್ಷೆ ಹೊತ್ತಿಗೆ ಮುಗಿಸ್ಬಹುದು."