ಗ್ರಹಣದ ಸಂಜೆ, ಸೇತುವೆಯ ಮೇಲೆ

“ಹೆಸರಿಲ್ಲದ ರಕ್ತ ನಾನು ತಗೊಳ್ಳಲ್ಲ.”

ಲ್ಯಾಬಿನ ಕಿಟಕಿಯಾಚೆ ನಿಂತಿದ್ದವನ ಮುಖವನ್ನೂ ನೋಡದೆ ಅವಳು ಟ್ಯೂಬನ್ನು ವಾಪಸ್ ತಳ್ಳಿದಳು. ಹೆಸರಿಲ್ಲ, ವಾರ್ಡಿಲ್ಲ. ನಾಳೆ ಎಡವಟ್ಟಾದರೆ ಎಲ್ಲರೂ ಬೆರಳು ತೋರಿಸುವುದು ಲ್ಯಾಬಿನವರ ಕಡೆಗೇ.

“ಆ ಮನುಷ್ಯ ಹೆಸರು ಹೇಳೋ ಸ್ಥಿತೀಲಿಲ್ಲ ಮೇಡಂ. ರಸ್ತೆ ಮೇಲಿಂದ ಎತ್ಕೊಂಡು ಬಂದಿದೀನಿ. ಹೆಸರು ಬೇಕೇ ಬೇಕು ಅಂದ್ರೆ ನನ್ನದು ಬರ್ಕೊಳ್ಳಿ. ಬೇಗ ಮಾಡಿ, ಅಷ್ಟೇ.”

ಮೆಲುದನಿ. ಬೇಡಿಕೊಳ್ಳುವ ದನಿಯಲ್ಲ, ಜಗಳದ್ದೂ ಅಲ್ಲ. ಅವಳು ತಲೆಯೆತ್ತಿ ನೋಡಿದಳು. ಆಂಬುಲೆನ್ಸ್ ಡ್ರೈವರ್. ಅಂಗಿಯ ಎರಡೂ ತೋಳು ಬೇರೆಯವರ ರಕ್ತದಿಂದ ಒದ್ದೆಯಾಗಿದ್ದವು. ತುರ್ತು ವಿಭಾಗದಲ್ಲಿ ಕೈ ಸಾಲದೆ ನರ್ಸ್ ಟ್ಯೂಬನ್ನು ಅವನ ಕೈಗೇ ಕೊಟ್ಟು ಓಡಿಸಿದ್ದಳು.

ಅವಳು ಟ್ಯೂಬು ಕಿತ್ತುಕೊಂಡು ‘ಅಪರಿಚಿತ’ ಎಂದು ಬರೆದಳು. ಪರೀಕ್ಷೆ ಮುಗಿಯುವವರೆಗೂ ಕುರ್ಚಿಯಲ್ಲಿ ಕೂರಲಿಲ್ಲ.

ಆ ಮನುಷ್ಯ ಬದುಕಿದ. ಅದನ್ನು ಹೇಳಲಿಕ್ಕೆಂದೇ ಡ್ರೈವರ್ ಕೆಲವು ದಿನಗಳ ನಂತರ ಮತ್ತೆ ಕಿಟಕಿಗೆ ಬಂದ. ಮಾತು ಬೆಳೆದದ್ದು ಅಲ್ಲಿಂದ.

ಆಸ್ಪತ್ರೆಯಲ್ಲಿ ಎಲ್ಲರೂ ಅವನನ್ನು ‘ಸೈರನ್’ ಎಂದು ಕರೆಯುತ್ತಿದ್ದರು. ಗಾಡಿ ಊರೆಲ್ಲ ಕೇಳುವಂತೆ ಕೂಗಿದರೂ ಅದರ ಡ್ರೈವರ್ ತುಟಿ ಬಿಚ್ಚುವುದು ಅಪರೂಪ ಎಂಬ ತಮಾಷೆ. ಅವಳ ಎದುರು ಮಾತ್ರ ಅವನು ಮಾತಾಡುತ್ತಿದ್ದ. ‘ನೀವು’ ಎಂಬುದು ‘ನೀನು’ ಆಯಿತು. ಒಂದು ಭಾನುವಾರ ಅವಳು ಅವನನ್ನು ಮನೆಗೆ ಕರೆದುಕೊಂಡು ಹೋದಳು.

ಅವಳ ಅಪ್ಪ ವೆಲ್ಡರ್. ವಯಸ್ಸೆಲ್ಲ ಕಪ್ಪು ಗಾಜಿನ ಹಿಂದೆ ಬೆಂಕಿ ನೋಡಿದ ಮನುಷ್ಯ. ಈಗ ಹೃದಯ ಸೋತು, ಕಾಲು ಊದಿಕೊಂಡು, ಎರಡು ದಿಂಬಿಗೆ ಒರಗಿ ಕೂತಿರುತ್ತಿದ್ದ. ಮಾತಿಗೇನೂ ಸೋಲು ಬಂದಿರಲಿಲ್ಲ. ಹುಡುಗನನ್ನು ಮೇಲಿಂದ ಕೆಳಗೆ ನೋಡಿ, ಬಡಕಲಾದರೂ ಜೋಡಣೆ ಗಟ್ಟಿಯಾಗಿದೆ ಎಂದ. ಮದುವೆಯ ಮಾತು ಆಡುವ ಮೊದಲೇ “ಅಳಿಯಂದಿರೇ” ಎಂದು ಕರೆಯತೊಡಗಿದ. ಅಮ್ಮ ಒಳಗಿನಿಂದಲೇ ನಕ್ಕಳು.

ಆದರೆ ಸಂತೋಷಕ್ಕೆ ಆಯಸ್ಸು ಕಡಿಮೆ ಇತ್ತು.

ಅಪ್ಪನ ಉಸಿರು ದಿನದಿಂದ ದಿನಕ್ಕೆ ಮೋಟಾಯಿತು. ದೊಡ್ಡ ಡಾಕ್ಟರು ತಾಯಿ ಮಗಳಿಬ್ಬರನ್ನೂ ಕೂರಿಸಿಕೊಂಡು, ಇನ್ನು ಮಾಡುವಂಥದ್ದು ಏನೂ ಉಳಿದಿಲ್ಲ, ಮನೆಯಲ್ಲಿ ನೆಮ್ಮದಿಯಾಗಿರಲಿ ಎಂದರು. ಅಮ್ಮ ತಲೆಯಾಡಿಸಿದಳು. ಮಗಳು ಆಡಿಸಲಿಲ್ಲ. ‘ಇಷ್ಟು ವರ್ಷ ಇದೇ ಆಸ್ಪತ್ರೆಯಲ್ಲಿ ದುಡಿದಿದ್ದೇನೆ. ಯಾರ್ಯಾರನ್ನೋ ಉಳಿಸುತ್ತಾರೆ… ನನ್ನ ಅಪ್ಪನನ್ನು ಉಳಿಸಲಿಕ್ಕೆ ಆಗುವುದಿಲ್ಲವಾ?’

ಆ ವಾರವೇ ಚಂದ್ರಗ್ರಹಣವಿತ್ತು. ಚಂದ್ರ ಹುಟ್ಟುವಾಗಲೇ ಗ್ರಹಣ ಹಿಡಿದಿರುತ್ತದೆ, ಸಂಜೆಗೇ ಕಾಣುತ್ತದೆ ಎಂದು ಅಪ್ಪ ಎಲ್ಲಿಂದಲೋ ತಿಳಿದುಕೊಂಡಿದ್ದ. ಕಪ್ಪು ಗಾಜಿಲ್ಲದೆ ಬರಿಗಣ್ಣಿನಲ್ಲಿ ನೋಡಬಹುದಾದ ಕೆಂಪು ಅದೊಂದೇ ಎಂದು ಬಂದವರಿಗೆಲ್ಲ ಹೇಳಿದ. ಆಕಾಶ ಮಾತ್ರ ಕೈಕೊಟ್ಟಿತ್ತು. ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಮೋಡ, ಒಂದು ಗಳಿಗೆ ನಂಬಿಸಿ ಮರುಗಳಿಗೆ ಮುಚ್ಚಿಕೊಳ್ಳುತ್ತಿತ್ತು.

“ನಿಮ್ಮಮ್ಮನ ಕೋಪದ ಹಾಗೆ,” ಎಂದ ಅಪ್ಪ ಮಗಳಿಗೆ. “ಯಾವಾಗ ಬರುತ್ತೋ ಯಾವಾಗ ಹೋಗುತ್ತೋ ದೇವರಿಗೂ ಗೊತ್ತಿಲ್ಲ.”

ಗ್ರಹಣದ ಸಂಜೆ ಅವಳು ಲ್ಯಾಬಿನಲ್ಲಿದ್ದಾಗ ಅಮ್ಮನ ಫೋನ್ ಬಂತು. ಅಪ್ಪನ ತುಟಿ ನೀಲಿಯಾಗುತ್ತಿದೆ.

ಅವಳು ಸೈರನ್‌ನನ್ನೇ ಕಳಿಸಿದಳು. ಜೊತೆಗೆ ಹೋಗಬೇಕಿದ್ದ ಸಹಾಯಕ ಇನ್ನೊಂದು ಗಾಡಿಯಲ್ಲಿ ಹೋಗಿದ್ದ. ಕಾಯಲಿಕ್ಕೆ ಸಮಯವಿರಲಿಲ್ಲ. ಯಾರ್ಯಾರದೋ ಕೈಕಾಲು ಹಿಡಿದು ಅವಳು ಒಂದು ಹಾಸಿಗೆ ಖಾಲಿ ಮಾಡಿಸಿದಳು. ಸ್ಟ್ರೆಚರ್ ತಂದು ಬಾಗಿಲಲ್ಲಿ ನಿಂತಳು. ಅಂಗಳದಲ್ಲಿ ನರ್ಸುಗಳು, ರೋಗಿಗಳ ಕಡೆಯವರು ಕತ್ತೆತ್ತಿ ಮೋಡ ನೋಡುತ್ತಿದ್ದರು. ಅವಳು ಗೇಟು ನೋಡುತ್ತಿದ್ದಳು.

ಗಾಡಿ ಬಂದಾಗ ಅದರ ಕೂಗು ನಿಂತುಹೋಗಿತ್ತು.

ಸೈರನ್ ಕೆಳಗಿಳಿದು ಹಿಂದಿನ ಬಾಗಿಲು ತೆರೆದ. ಅಮ್ಮ ಅಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮಗಳನ್ನು ನೋಡಿ ಇಲ್ಲ ಎನ್ನುವಂತೆ ತಲೆಯಲ್ಲಾಡಿಸಿದಳು…

ಅಳು ಆಮೇಲೆ ಬಂತು. ಅದಕ್ಕಿಂತ ಆಮೇಲೆ ಬಂದದ್ದು ಒಂದು ಫೋಟೋ.

ನದಿಯ ಸೇತುವೆಯ ಮೇಲೆ ಗ್ರಹಣ ನೋಡಲು ಸೇರಿದ್ದ ಜನರ ಫೋಟೋವನ್ನು ಯಾರೋ ತೆಗೆದು ಹಂಚಿದ್ದರು. ಅದು ಫೋನಿನಿಂದ ಫೋನಿಗೆ ಹಾರಿ ಲ್ಯಾಬಿಗೂ ಬಂತು. ಜನರ ಹಿಂದೆ, ಸೇತುವೆಯ ಬದಿಗೆ, ಅವಳ ಆಸ್ಪತ್ರೆಯ ಆಂಬುಲೆನ್ಸ್ ನಿಂತಿತ್ತು. ಪಕ್ಕದಲ್ಲಿ ಡ್ರೈವರ್. ಕತ್ತೆತ್ತಿ ಆಕಾಶ ನೋಡುತ್ತಿದ್ದ.

ಅವಳು ಫೋಟೋ ಹಿಡಿದು ನೇರ ಗಾಡಿಗಳ ಶೆಡ್ಡಿಗೆ ಹೋದಳು.

“ಇದು ನೀವೇನಾ?”

‘ನೀವು’ ಎಂದದ್ದು ಕೇಳಿ ಅವನ ಮುಖ ಇಳಿಯಿತು. ಫೋಟೋ ನೋಡಿದ.

“ನಾನೇ.”

“ನಮ್ಮಪ್ಪ ಒಳಗಿದ್ರಾ?”

“ಇದ್ರು.”

“ಗಾಡಿ ನಿಲ್ಲಿಸಿದ್ರಾ?”

“ನಿಲ್ಲಿಸಿದೆ.”

ಯಾಕೆ ಎಂದು ಅವಳು ಕೇಳಿದಳು. ಮತ್ತೆ ಮತ್ತೆ ಕೇಳಿದಳು. ಅಂಗಿ ಹಿಡಿದು ಎಳೆದಾಡಿ ಕೇಳಿದಳು. ಅವನು ತುಟಿಪಿಟಕ್ಕೆನ್ನಲಿಲ್ಲ. ಒಂದು ಸುಳ್ಳನ್ನಾದರೂ ಹೇಳಬಾರದೇ? ಚಕ್ರ ಪಂಕ್ಚರಾಗಿತ್ತು, ಜನ ಅಡ್ಡಬಂದರು, ಏನಾದರೊಂದು… ಅದೂ ಇಲ್ಲ.

ಅವಳು ಅಲ್ಲಿಂದಲೇ ಮೇಲಧಿಕಾರಿಯ ಕೋಣೆಗೆ ಹೋಗಿ ದೂರು ಕೊಟ್ಟಳು. ವಿಚಾರಣೆ ಶುರುವಾಯಿತು. ಅಲ್ಲೂ ಅವನು, ನಿಲ್ಲಿಸಿದ್ದು ನಿಜ ಎಂಬ ಒಂದು ಮಾತಿನಿಂದ ಆಚೆಗೆ ಹೋಗಲಿಲ್ಲ. ಸ್ಟೀರಿಂಗ್‌ನಿಂದ ಎಬ್ಬಿಸಿ ಅವನನ್ನು ಶೆಡ್ಡಿನಲ್ಲಿ ಸ್ಟ್ರೆಚರ್ ತೊಳೆಯಲು ಹಾಕಿದರು. ಕ್ಯಾಂಟೀನಿನಲ್ಲಿ ಅವನ ಮೇಜಿಗೆ ಯಾರೂ ಕೂರದಾದರು. ಕಿಟಕಿಯಿಂದ ಅವಳಿಗೆ ಅದು ಕಾಣುತ್ತಿತ್ತು. ಸಮಾಧಾನವಾಗಬೇಕಿತ್ತು. ಆಗುತ್ತಿರಲಿಲ್ಲ. ಅವನ ಮೇಲಿನ ಪ್ರೀತಿ ಸತ್ತಿದ್ದರೆ ಸುಲಭವಿತ್ತು… ಅದು ಸಾಯದೆ ಒಳಗೇ ಕೂತು ಅವಳನ್ನು ಕೊರೆಯುತ್ತಿತ್ತು.

ಮನೆಯಲ್ಲಿ ಅಮ್ಮ ಮೊದಲೇ ಕಡಿಮೆ ಮಾತಿನವಳು, ಈಗ ಇದ್ದೂ ಇಲ್ಲದಂತಾಗಿದ್ದಳು. ಸೈರನ್‌ನ ಮಾತು ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು. ಅಮ್ಮನಿಗೂ ಅವನ ಮೇಲೆ ತನ್ನಷ್ಟೇ ಸಿಟ್ಟು ಎಂದು ಮಗಳು ತಿಳಿದುಕೊಂಡಳು.

ವಿಚಾರಣೆ ಕೊನೆಗೆ ಬಂತು. ತೀರ್ಮಾನದ ಹಿಂದಿನ ದಿನ ಸಂಜೆ ಅಮ್ಮ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ನಾಳೆ ಅವನನ್ನು ಕೆಲಸದಿಂದ ತೆಗೆಯುತ್ತಾರೆ, ಇನ್ನು ಯಾವ ಆಸ್ಪತ್ರೆಯೂ ಅವನನ್ನು ಸೇರಿಸಿಕೊಳ್ಳುವುದಿಲ್ಲ ಎಂದು ಮಗಳು ಬಾಗಿಲಲ್ಲಿ ನಿಂತು ಹೇಳಿದಳು. ಅಪ್ಪನ ಆತ್ಮಕ್ಕೆ ಅಷ್ಟಾದರೂ ಶಾಂತಿ ಸಿಗಲಿ ಎಂದಳು.

ಚಾಕು ನಿಂತಿತು.

“ನಾನೇ ನಿಲ್ಲಿಸು ಅಂದಿದ್ದು ಕಣೇ.”

ಮಗಳಿಗೆ ಅರ್ಥವಾಗಲಿಲ್ಲ.

“ನಿಮ್ಮಪ್ಪಂಗೆ ಗೊತ್ತಾಗಿತ್ತು. ಸೇತುವೆ ಹತ್ರ ಬಂದಾಗ ನನ್ನ ಕೈ ಹಿಡ್ಕೊಂಡು, ಇನ್ನು ಆಸ್ಪತ್ರೆ ಸೂರು ನೋಡ್ಕೊಂಡು ಸಾಯೋದು ಬೇಡ, ಒಂದ್ಸಲ ಹೊರಗೆ ತೋರ್ಸು ಅಂದ್ರು. ನಾನು ಆ ಹುಡುಗಂಗೆ ನಿಲ್ಲಿಸಪ್ಪ ಅಂದೆ. ಅವನು ಬೇಡಮ್ಮ, ಅವಳು ಕಾಯ್ತಿದಾಳೆ ಅಂದ. ನಾನೇ ಅತ್ತೂ ಕರೆದೂ ನಿಲ್ಲಿಸಿದೆ.”

ಅದರ ಬೆನ್ನಿಗೇ ಅಮ್ಮ ಉಳಿದದ್ದನ್ನೂ ಹೇಳಿಬಿಟ್ಟಳು. ಅಂತ್ಯಕ್ರಿಯೆ ಮುಗಿಸಿ ಬಂದ ದಿನ ಅವಳೇ ಸೈರನ್‌ಗೆ, ನಾನು ಮಗಳಿಗೆ ಎಲ್ಲ ಹೇಳುತ್ತೇನೆ ಎಂದಿದ್ದಳು. ಅವನು ತಡೆದಿದ್ದ. ಗಾಡಿ ನಿಂತದ್ದು ತಿಳಿದರೆ ಅವಳಿಗೆ ಸಿಟ್ಟು ತೀರಿಸಿಕೊಳ್ಳಲು ಯಾರಾದರೂ ಬೇಕು, ಅದು ನಾನೇ ಆಗಲಿ, ನಿಮ್ಮನ್ನೂ ಕಳಕೊಂಡರೆ ಅವಳಿಗೆ ಮನೆ ಎನ್ನುವುದೇ ಇರುವುದಿಲ್ಲ ಎಂದಿದ್ದ. ಅಮ್ಮ ಒಪ್ಪಿಕೊಂಡಿದ್ದಳು. ಹೆದರಿ ಒಪ್ಪಿಕೊಂಡಿದ್ದಳು.

“ನೀನು ಮಾತು ಬಿಟ್ಟುಬಿಡ್ತೀಯ ಅಂತ ಹೆದರಿದೆ. ಈಗ ಬಿಡೋದಾದ್ರೆ ಬಿಡು. ಆದ್ರೆ ನಾಳೆ ನಾನು ಬಂದು ಅವ್ರ ಮುಂದೆ ಹೇಳ್ತೀನಿ.”

ಮಗಳು ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ಯಾರನ್ನು ಬೈಯಬೇಕು? ಸಾಯುವ ಗಂಡನ ಆಸೆ ನಡೆಸಿಕೊಟ್ಟವಳನ್ನೇ? ಬಾಗಿಲಲ್ಲಿ ಕಾಯುತ್ತ ನಿಂತಿದ್ದ ತನ್ನನ್ನೇ? ‘ನನಗೆ ಕೊನೆ ಮಾತೂ ಸಿಗಲಿಲ್ಲವಲ್ಲ ಅಪ್ಪಾ…’ ಅಮ್ಮನ ಮೇಲೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳು. ಬಂತು. ಆ ಸಂಜೆ ಇಬ್ಬರೂ ಊಟ ಮಾಡಲಿಲ್ಲ. ಆದರೂ ಮಲಗುವ ಹೊತ್ತಿಗೆ ಮಗಳು ತನ್ನ ಹಾಸಿಗೆಯನ್ನು ಅಮ್ಮನ ಪಕ್ಕಕ್ಕೆ ಎಳೆದುಕೊಂಡಳು.

ಮರುದಿನ ಅಮ್ಮ ವಿಚಾರಣೆಯವರ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ದೊಡ್ಡ ಡಾಕ್ಟರು, ಆ ಸ್ವಲ್ಪ ಹೊತ್ತಿನಿಂದ ಹೆಚ್ಚೇನೂ ವ್ಯತ್ಯಾಸವಾಗುತ್ತಿರಲಿಲ್ಲ ಎಂದು ನನ್ನ ಅಂದಾಜು ಎಂದರು. ಖಂಡಿತವಾಗಿ ಎಂದು ಅವರೂ ಹೇಳಲಿಲ್ಲ. ನಿಯಮ ನಿಯಮವೇ. ಕೆಲಸ ಉಳಿಯಿತು, ಗಾಡಿ ಸಿಗಲಿಲ್ಲ. ಇನ್ನೊಂದು ವರ್ಷ ಶೆಡ್ಡೇ ಗತಿ ಎಂದಾಯಿತು.

ಅವಳು ಶೆಡ್ಡಿಗೆ ಹೋದಾಗ ಅವನು ಸ್ಟ್ರೆಚರಿನ ಚಕ್ರ ಉಜ್ಜುತ್ತಿದ್ದ. ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು. ಅವಳನ್ನು ನೋಡಿ ಎದ್ದು ನಿಂತ, ಒದ್ದೆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ.

“ಅಮ್ಮ ನಿಲ್ಲಿಸು ಅಂದ್ರು ಅಂತ ಹೇಳಿದ್ರೆ ಸಾಕಿತ್ತಲ್ಲ,” ಎಂದಳು ಅವಳು. “ಯಾಕೆ ಹೇಳ್ಲಿಲ್ಲ ನೀನು?”

‘ನೀನು’ ಕೇಳಿ ಅವನು ಕೈಯನ್ನು ಅಂಗಿಗೆ ಒರೆಸಿಕೊಂಡ.

“ಅಮ್ಮ ಕೇಳ್ಕೊಂಡ್ರು, ಸರಿ. ಬ್ರೇಕ್ ಒತ್ತಿದ್ದು ನನ್ನ ಕಾಲು. ಆಗಲ್ಲ ಅನ್ನಬಹುದಿತ್ತು, ಅನ್ನಲಿಲ್ಲ. ಕನ್ನಡೀಲಿ ಅವರ ಕಣ್ಣು ಕಾಣ್ತಿತ್ತು… ಆಗ್ಲಿಲ್ಲ ನನ್ನ ಕೈಲಿ.”

ಅವಳು ತೊಳೆದಿಟ್ಟಿದ್ದ ಇನ್ನೊಂದು ಸ್ಟ್ರೆಚರಿನ ಅಂಚಿಗೆ ಕೂತಳು. ಅಲ್ಲಿ ಏನಾಯಿತು ಎಂದು ಮೊದಲಿನಿಂದ ಹೇಳು ಎಂದಳು.

ಅವನು ಹೇಳಿದ. ನಿಲ್ಲಿಸಿದಾಗ ಆಕಾಶದಲ್ಲಿ ಬರೀ ಮೋಡ. ಜನ ಬೇಸತ್ತು ಹೊರಡುತ್ತಿದ್ದರು. ಹಿಂದಿನ ಬಾಗಿಲು ತೆರೆದು ಇವನೂ ಅಮ್ಮನೂ ಅಪ್ಪನ ತಲೆಯನ್ನು ಎತ್ತಿ ಹಿಡಿದರು. ಏನೂ ಕಾಣಲಿಲ್ಲ. ಹೋಗೋಣ ಎಂದ ಇವನು. ಅಪ್ಪ ಒಂದು ಬೆರಳೆತ್ತಿ, ಇನ್ನೊಂದು ಚೂರು ಎನ್ನುವಂತೆ ತೋರಿಸಿದರು. ಇವನು ಕೆಳಗಿಳಿದು ಮೋಡ ಯಾವ ಕಡೆ ಸರಿಯುತ್ತಿದೆ ಎಂದು ನೋಡುತ್ತ ನಿಂತ. ಫೋಟೋ ಬಿದ್ದದ್ದು ಆಗ. ಗಾಳಿ ಬಂತು. ಮೋಡ ಹರಿದು, ಮಂಕು ಕೆಂಪು ಚಂದ್ರ ಸ್ವಲ್ಪ ಹೊತ್ತು ಪೂರ್ತಿ ಕಂಡ. ಆಮೇಲೆ ಮೋಡ ಮತ್ತೆ ಮುಚ್ಚಿಕೊಂಡಿತು.

“ಅಪ್ಪ ನೋಡಿದ್ರಾ?”

“ನೋಡಿದ್ರು. ಕಾಯಿಸಿದ ಕಬ್ಬಿಣ ಆರೋವಾಗ ಹೀಗೇ ಇರುತ್ತೆ ಅಂದ್ರು. ಆಮೇಲೆ, ‘ನಡೀರಿ ಅಳಿಯಂದಿರೇ, ಬೇಗ ಹೋಗೋಣ, ಅವಳು ಬಾಗಿಲಲ್ಲೇ ನಿಂತಿರ್ತಾಳೆ’ ಅಂದ್ರು. ಅದೇ ಕೊನೆ ಮಾತು. ನಾನು ಗಾಡೀನ ಹಾರಿಸ್ಕೊಂಡೇ ಬಂದೆ… ಗೇಟು ಕಾಣ್ತಿತ್ತು.”

ಅವಳು ಮುಖ ಮುಚ್ಚಿಕೊಂಡು ಅತ್ತಳು. ಅಪ್ಪ ತೀರಿಕೊಂಡ ಮೇಲೆ ಹೀಗೆ ಸದ್ದು ಮಾಡಿ ಅತ್ತದ್ದು ಇದೇ ಮೊದಲು. ಅವನು ಹತ್ತಿರ ಬಂದು ನಿಂತ. ಮುಟ್ಟಲಿಲ್ಲ. ಕೊನೆಗೆ ಅವಳೇ ಅವನ ಅಂಗಿಯ ತುದಿ ಹಿಡಿದುಕೊಂಡಳು.

“ನಿಲ್ಲಿಸದೇ ಇದ್ದಿದ್ರೆ ಅಪ್ಪ ಉಳೀತಿದ್ರಾ?”

“ಗೊತ್ತಿಲ್ಲ. ದಿನಾ ಅದನ್ನೇ ಕೇಳ್ಕೋತೀನಿ.”

“ನಾನೂ ಕೇಳ್ತೀನಿ. ಬಿಟ್ಟುಬಿಡ್ತೀನಿ ಅಂತ ಸುಳ್ಳು ಹೇಳಲ್ಲ. ಯಾವತ್ತೋ ಒಂದಿನ ಊಟಕ್ಕೆ ಕೂತಾಗ, ಇಲ್ಲಾ ಎಲ್ಲಿಗೋ ಹೊರಟಾಗ, ನಿನ್ನ ಮುಖ ನೋಡಿ ಮತ್ತೆ ಕೇಳಿಬಿಡ್ತೀನಿ. ತಡ್ಕೋತೀಯಾ?”

ಅವನು ಅವಳ ಪಕ್ಕದಲ್ಲಿ ಕೂತ.

“ದೂರ ಇದ್ಕೊಂಡು ಕೇಳ್ತೀಯೋ, ಪಕ್ಕದಲ್ಲಿ ಕೂತು ಕೇಳ್ತೀಯೋ?”

“ಪಕ್ಕದಲ್ಲಿ.”

“ಹಾಗಾದ್ರೆ ತಡ್ಕೋತೀನಿ.”