ಕಿತ್ತು ಬಂದ ಗಡಿಗಲ್ಲು

ಬಹಳ ಹಿಂದೆ, ಹಿಮದ ಬೆಟ್ಟಗಳಾಚೆ, ಶೃಂಗಗಿರಿ ಎಂಬ ರಾಜ್ಯವಿತ್ತು. ವಜ್ರಮಾಲಿನಿ ಅದರ ರಾಣಿ. ರಾಣಿ ಎಂದ ಮಾತ್ರಕ್ಕೆ ರಾಜ್ಯವೆಲ್ಲ ಅವಳ ಮಾತು ಕೇಳುತ್ತಿತ್ತು ಎಂದುಕೊಳ್ಳಬೇಡಿ. ಅವಳ ಆಜ್ಞೆ ನಡೆಯುತ್ತಿದ್ದುದು ಅರಮನೆಯ ಹೆಬ್ಬಾಗಿಲವರೆಗೆ. ಅದರಾಚೆಯ ನೆಲವನ್ನು ಮೂವರು ಮಾಂಡಲಿಕರು ಹಂಚಿಕೊಂಡಿದ್ದರು. ಯಾರ ಗಡಿ ದಾಟಬೇಕಾದರೂ ರಾಣಿ ಕುದುರೆಯಿಂದಿಳಿದು, ಕಿರೀಟ ತೆಗೆದು, ಅಪ್ಪಣೆಗೆ ಕಾಯಬೇಕಿತ್ತು.

ಹೀಗಿರಲು ಧೂಮ್ರಜಂಘನೆಂಬ ಮಾಂತ್ರಿಕ ಅವಳ ತಮ್ಮ ಸುಕೇತುವನ್ನು ಜಿಂಕೆಯಾಗಿಸಿದ. ನಾಲ್ಕು ದಿನದೊಳಗೆ ಮಾಂತ್ರಿಕನ ಬೆತ್ತ ಮುರಿಯದಿದ್ದರೆ ಸುಕೇತು ಮಾತು ಮರೆತು ಜಿಂಕೆಯಾಗಿಯೇ ಉಳಿಯುತ್ತಿದ್ದ. ರಾಣಿ ಬೆನ್ನಟ್ಟಿದಳು. ಜಿಂಕೆಯೂ ಜೊತೆಗೆ ಓಡಿತು.

ಮೊದಲ ದಿನ, ಮೊದಲನೆಯ ಮಾಂಡಲಿಕ ಊಟಕ್ಕೆ ಕೂತಿದ್ದ, ಏಳುವವರೆಗೆ ಅಪ್ಪಣೆಯಿಲ್ಲ. ಮಾಂತ್ರಿಕ ಪಕ್ಕದ ಸೀಮೆಗೆ ಜಾರಿದ. ಎರಡನೆಯ ದಿನ, ಎರಡನೆಯವನು ತನ್ನ ಬಳಿಗೇ ಮೊದಲು ಏಕೆ ಬರಲಿಲ್ಲವೆಂದು ಮುನಿಸಿಕೊಂಡ. ಮಾಂತ್ರಿಕ ಮತ್ತೆ ಜಾರಿದ. ಮೂರನೆಯ ದಿನ, ಮೂರನೆಯವನು ಮಾಂತ್ರಿಕ ನಿಂತ ಜಾಗ ನಿಜವಾಗಿ ತನ್ನದೋ ಎಂದು ಹಗ್ಗ ಹಿಡಿದು ಅಳೆಸಿದ. ಅಳೆದು ಮುಗಿಯುವಷ್ಟರಲ್ಲಿ ಅಲ್ಲಿ ಯಾರೂ ಇರಲಿಲ್ಲ. ಸುಕೇತುವಿನ ಬಾಯಲ್ಲಿ ಉಳಿದಿದ್ದುದು “ಅಕ್ಕ” ಎಂಬ ಒಂದೇ ಮಾತು.

ನಾಲ್ಕನೆಯ ದಿನ ಅಕ್ಕ ತಮ್ಮ ಮೂರೂ ಸೀಮೆ ಕೂಡುವ ಬಯಲಿಗೆ ಬಂದರು. ಅಲ್ಲೊಂದು ಗಡಿಗಲ್ಲು. ಅದರಾಚೆ ಮಾಂತ್ರಿಕ ಕಾಲು ಚಾಚಿ ಕೂತು ಕೇಳಿದ: “ಏನು ರಾಣಿಯಮ್ಮ, ಅಪ್ಪಣೆ ಬಂತೆ?”

ರಾಣಿಗೆ ಸಾಕಾಗಿಹೋಗಿತ್ತು. ಕುದುರೆಯಿಂದಿಳಿದಳು, ಕಿರೀಟ ತೆಗೆದಳು, ಗಡಿಗಲ್ಲನ್ನು ತಬ್ಬಿ ಬುಡಸಮೇತ ಕಿತ್ತಳು. ಕುದುರೆಯ ಮೇಲೆ ಹೇರಿಕೊಂಡು ಬಯಲ ತುಂಬ ಓಡಿಸಿದಳು.

ಕಾವಲಿನವರು ಕಹಳೆ ಊದಿದರು. ಮೂರು ದಿನ ಅಲುಗಾಡದ ಮೂವರೂ ಕೈತೊಳೆಯದೆ ಸೈನ್ಯಸಮೇತ ಬಂದರು. ಗಡಿ ಎಲ್ಲಿತ್ತೆಂದು ಯಾರಿಗೂ ತಿಳಿಯದೆ ಜಗಳಕ್ಕೆ ನಿಂತರು.

ರಾಣಿ ಮಾಂತ್ರಿಕನತ್ತ ಬೆರಳು ತೋರಿದಳು. “ಇವನು ಕೂತಿರುವ ನೆಲ ಯಾರದು?”

“ನನ್ನದು,” ಎಂದರು ಮೂವರೂ.

“ನಿಮ್ಮದಾದರೆ ಹಿಡಿಯಿರಿ. ಹಿಡಿಯದವನಿಗೆ ಇಲ್ಲಿ ನೆಲವಿಲ್ಲ.”

ಮೂವರೂ ಮೂರು ಕಡೆಯಿಂದ ಬಿದ್ದರು. ಎತ್ತ ಜಾರಿದರೂ ಅತ್ತಲೊಬ್ಬ ನೆಲದೊಡೆಯ, ಮಾಂತ್ರಿಕ ಸಿಕ್ಕಿಬಿದ್ದ. ರಾಣಿ ಬೆತ್ತವನ್ನು ಮೊಣಕಾಲಿಗೆ ಕೊಟ್ಟು ಮುರಿದಳು. ಧೂಮ್ರಜಂಘ ಹೊಗೆಯಾಗಿ ಹೋದ. ಜಿಂಕೆ ಸುಕೇತುವಾಯಿತು.

“ಅಕ್ಕ, ಹುಲ್ಲು ತಿಂದು ನಾಲಿಗೆ ಕೆಟ್ಟಿದೆ, ಏನಾದರೂ ಉಪ್ಪುಖಾರ ಹಾಕು,” ಎಂದ. ರಾಣಿ ನಗುತ್ತ ಅತ್ತಳು.

ಗಡಿಗಲ್ಲನ್ನು ಎಲ್ಲಿ ನೆಡಬೇಕೆಂದು ಮೂವರಲ್ಲಿ ಒಮ್ಮತವಾಗಲೇ ಇಲ್ಲ. ಹಾಗಾಗಿ ನೆಡಲೂ ಇಲ್ಲ. ಗಡಿಯೇ ಇಲ್ಲದ ಮೇಲೆ ಅಪ್ಪಣೆ ಕೇಳುವುದೂ ನಿಂತಿತು, ರಾಜ್ಯಕ್ಕೆಲ್ಲ ರಾಣಿಯ ಒಂದೇ ಕಾನೂನಾಯಿತು, ಮಾಂತ್ರಿಕರಿಗೆ ಜಾರಲು ಜಾಗವಿಲ್ಲದಾಯಿತು, ಜನರೆಲ್ಲ ನೆಮ್ಮದಿಯಾಗಿ ಉಂಡು ಬಾಳಿದರು.